ಪಾದ ನೆಟ್ಟಗಾಯಿತೆಂದು ಬೂಟು ಬಿಡಬೇಡಿ

ಕೆಲವು ಮಕ್ಕಳು ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡಿರುತ್ತದೆ. ಇದೇ ಕ್ಲಬ್ ಫುಟ್. ಇದು ಗ್ರಹಣದ ದೋಷವಲ್ಲ, ತಾಯಿಯ ತಪ್ಪೂ ಅಲ್ಲ.

ಡಾ. ಪೊನ್ಸೆಟಿಯವರ ವಿಧಾನದಲ್ಲಿ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತಾ ಸಾಮಾನ್ಯವಾಗಿ 5-7 ವಾರಗಳಲ್ಲಿ ಪಾದವನ್ನು ನೆಟ್ಟಗೆ ಮಾಡುತ್ತಾರೆ. ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಬಿಗಿ ಸಡಿಲಿಸಲು ಸಣ್ಣ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಕೊನೆಯಲ್ಲಿ, ಅಡ್ಡಪಟ್ಟಿಗೆ ಜೋಡಿಸಿದ ಎರಡು ಬೂಟು ಕೊಡುತ್ತಾರೆ.

ಅನೇಕರು ಎಡವುವುದು ಇಲ್ಲೇ. “ಕಾಲು ಸರಿಯಾಯ್ತಲ್ಲ, ಮಗು ಅಳ್ತದೆ, ಇನ್ನು ಬೂಟು ಯಾಕೆ?” ಎಂದು ತೆಗೆದಿಡುತ್ತಾರೆ. ಆಗ ಪಾದ ಮತ್ತೆ ತಿರುಚಿಕೊಳ್ಳುತ್ತದೆ, ಪಟ್ಟ ಕಷ್ಟವೆಲ್ಲ ವ್ಯರ್ಥ.

ನೆನಪಿಡಿ:
1. ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ಸುಮಾರು 4 ವರ್ಷದ ತನಕ ಮಲಗುವಾಗ ಬೂಟು ಹಾಕಲೇಬೇಕು.
2. ಒಂದೇ ಪಾದ ಸೊಟ್ಟವಿದ್ದರೂ ಬೂಟು ಎರಡೂ ಕಾಲಿಗೆ.
3. ಹತ್ತಿಯ ಕಾಲುಚೀಲ ತೊಡಿಸಿ. ಹಿಮ್ಮಡಿ ಬೂಟಿನೊಳಗೆ ಸರಿಯಾಗಿ ಕೂತಿದೆಯೇ ನೋಡಿ.
4. ಗುಳ್ಳೆ ಎದ್ದರೆ ನೀವಾಗಿ ನಿಲ್ಲಿಸದೆ ಕೂಡಲೇ ವೈದ್ಯರಿಗೆ ತೋರಿಸಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇದಕ್ಕೆ ಉಚಿತ ಚಿಕಿತ್ಸೆಯಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಸಂಘದ ಸದಸ್ಯೆಯರೇ, ನೆರೆಮನೆಯಲ್ಲಿ ಇಂಥ ಮಗುವಿದ್ದರೆ ಆ ತಾಯಿಯ ಜೊತೆ ನಿಲ್ಲೋಣ. ದೇವರು ಕೊಟ್ಟ ಕೂಸು ಎಲ್ಲರಂತೆ ಓಡಿಯಾಡಲಿ.