ಹದಿನೈದು ವರ್ಷ ದಾಟಿದ ಕಾರು: ಮಾಲೀಕರ ಹಕ್ಕು, ಕಾನೂನಿನ ಕ್ರಮ

ಕಾರು ಎಷ್ಟು ಲಕ್ಷ ಕಿಲೋಮೀಟರ್ ಓಡಿದರೂ ಆ ಒಂದೇ ಕಾರಣಕ್ಕೆ ಅದನ್ನು ರಸ್ತೆಯಿಂದ ತೆಗೆಯಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ನೋಂದಣಿ ಚಾಲ್ತಿಯಲ್ಲಿದೆಯೇ, ವಾಹನ ಓಡಿಸಲು ಯೋಗ್ಯವೇ ಎಂಬುದನ್ನಷ್ಟೇ 1988ರ ಮೋಟಾರು ವಾಹನ ಕಾಯ್ದೆ ನೋಡುತ್ತದೆ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧ 2015ರ ಹಸಿರು ನ್ಯಾಯಮಂಡಳಿಯ ಆದೇಶದಿಂದ ಬಂದದ್ದು. ಅದು ದೆಹಲಿ ರಾಜಧಾನಿ ವಲಯದ್ದು, ಮಹಾರಾಷ್ಟ್ರದ ಥಾಣೆ ಜಿಲ್ಲೆಯದ್ದಲ್ಲ. 2021ರ ಗುಜರಿ ನೀತಿಯೂ ಸುಸ್ಥಿತಿಯ ಖಾಸಗಿ ಕಾರನ್ನು ಒಪ್ಪಿಸಲೇಬೇಕೆಂದು ಹೇಳುವುದಿಲ್ಲ. ಹೆದರಿಕೆಯ ಮಾತಿಗೆ ಮಣಿದು ಒಳ್ಳೆಯ ಕಾರನ್ನು ಕಡಿಮೆ ಬೆಲೆಗೆ ಬಿಟ್ಟುಕೊಡುವ ಅಗತ್ಯವಿಲ್ಲ.

ಮರುನೋಂದಣಿ

ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತ. ಅನಂತರ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಅವಧಿ ಮುಗಿಯುವ ಮುನ್ನಿನ 60 ದಿನಗಳಲ್ಲಿ ನಮೂನೆ 25ರಲ್ಲಿ ಅರ್ಜಿ ಹಾಕಿ, ಕಾರನ್ನು ತಪಾಸಣೆಗೆ ಒಪ್ಪಿಸಬೇಕು. ಥಾಣೆ ಜಿಲ್ಲೆಯ ಡೊಂಬಿವಲಿ ಎಂಐಡಿಸಿಯ ನಿವಾಸಿಗಳಿಗೆ ಸಂಬಂಧಿಸಿದ ಕಚೇರಿ ಕಲ್ಯಾಣ್ ಆರ್‌ಟಿಒ (ಎಂಎಚ್-05). ಥಾಣೆಗೆ ಎಂಎಚ್-04, ವಾಶಿಗೆ ಎಂಎಚ್-43. 2022ರ ಏಪ್ರಿಲ್ 1ರಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ; 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ಮಹಾರಾಷ್ಟ್ರದ ಪರಿಸರ ತೆರಿಗೆ ಪ್ರತ್ಯೇಕ. ಅರ್ಜಿಗೆ ಮೊದಲು ಪರಿವಾಹನ್ ಪೋರ್ಟಲ್‌ನಲ್ಲಿ ಆ ಹೊತ್ತಿನ ದರ ನೋಡಿಕೊಳ್ಳಬೇಕು.

ನವೀಕರಣ ನಿರಾಕರಿಸಿದರೆ ಕಾರಣಸಹಿತ ಆದೇಶದ ಪ್ರತಿ ಪಡೆಯುವುದು ಅರ್ಜಿದಾರರ ಹಕ್ಕು (ಮೋಟಾರು ವಾಹನ ಕಾಯ್ದೆಯ ಕಲಂ 45). ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು (ಕಲಂ 57).

ಕರ್ನಾಟಕದ ನಂಬರಿನ ಕಾರು

ಮಂಗಳೂರಿನ ಕೆಎ-19, ಉಡುಪಿಯ ಕೆಎ-20 ನಂಬರಿನ ಕಾರು ದೇಶದಲ್ಲೆಲ್ಲ ಓಡಬಹುದು. ಆದರೆ ಅದನ್ನು ಮಹಾರಾಷ್ಟ್ರದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಕಲಂ 47ರಂತೆ ಹೊಸ ನಂಬರು ಪಡೆಯಬೇಕು. ಮೊದಲು ಊರಿನ ಆರ್‌ಟಿಒದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ, ನಂತರ ಮಹಾರಾಷ್ಟ್ರದ ಆರ್‌ಟಿಒದಲ್ಲಿ ನಮೂನೆ 27ರ ಅರ್ಜಿ. ನಿರಾಕ್ಷೇಪಣಾ ಪತ್ರದ ಅರ್ಜಿಗೆ 30 ದಿನಗಳೊಳಗೆ ನಿರಾಕರಣೆ ಬಾರದಿದ್ದರೆ ಅದು ಮಂಜೂರಾಯಿತೆಂದೇ ಕಲಂ 48 ಭಾವಿಸುತ್ತದೆ.

ವಿಮೆ, ಹೊಗೆ ತಪಾಸಣೆ, ಮಾರ್ಪಾಟು

ಕಾರು ಎಷ್ಟೇ ಹಳೆಯದಾದರೂ ಮೂರನೇ ವ್ಯಕ್ತಿ ವಿಮೆ ಕಡ್ಡಾಯ. ಅದಿಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ. ಈ ವಿಮೆಯ ಕಂತು ಎಂಜಿನ್ನಿನ ಸಾಮರ್ಥ್ಯದಂತೆ ಇರುತ್ತದೆ, ಕಾರಿನ ವಯಸ್ಸಿನಂತೆ ಅಲ್ಲ. ಸ್ವಂತ ಕಾರಿನ ಹಾನಿಗೆ ವಿಮೆ ಮಾಡಿಸುವುದು ಮಾಲೀಕರ ಇಚ್ಛೆ. ಬಿಎಸ್-3 ಮತ್ತು ಅದಕ್ಕಿಂತ ಹಳೆಯ ಕಾರಿನ ಪಿಯುಸಿ ಪ್ರಮಾಣಪತ್ರ ಆರು ತಿಂಗಳು, ಬಿಎಸ್-4ರದ್ದು ಒಂದು ವರ್ಷ ಚಾಲ್ತಿಯಲ್ಲಿರುತ್ತದೆ.

ಹಳೆಯ ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಕೂರಿಸುವುದಾದರೆ ಅನುಮೋದಿತ ಕಿಟ್ಟನ್ನೇ ಬಳಸಿ, ಆರ್‌ಸಿಯಲ್ಲಿ ನಮೂದು ಮಾಡಿಸಿ, ವಿಮಾ ಕಂಪನಿಗೂ ತಿಳಿಸಬೇಕು. ಎಂಜಿನ್ ಬದಲಿಸಿದಾಗಲೂ ಆರ್‌ಟಿಒ ದಾಖಲೆ ತಿದ್ದಿಸಬೇಕು. ಕಾನೂನುಬಾಹಿರ ಮಾರ್ಪಾಟಿಗೆ ಕಲಂ 182ಎ ಅಡಿ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ ಬೀಳಬಹುದು.

ರಿಪೇರಿಯ ಹಕ್ಕು

ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದೆ ಹೊರಗಿನ ಗ್ಯಾರೇಜುಗಳಿಗೆ ಅಡ್ಡಿಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಪ್ರಕರಣ ಮೇಲ್ಮನವಿಗಳನ್ನು ಕಂಡಿತಾದರೂ, ಬಿಡಿಭಾಗ ಮತ್ತು ಗ್ಯಾರೇಜಿನ ಆಯ್ಕೆ ಗ್ರಾಹಕರ ಹಿತಕ್ಕೆ ಎಷ್ಟು ಮುಖ್ಯವೆಂಬುದು ಅದರಿಂದ ಸ್ಪಷ್ಟವಾಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಿಪೇರಿ ಹಕ್ಕಿನ ಪೋರ್ಟಲ್‌ನಲ್ಲಿ ವಾಹನ ಕ್ಷೇತ್ರವೂ ಸೇರಿದೆ.

ಗ್ಯಾರೇಜಿನ ಕೆಲಸದಲ್ಲಿ ಲೋಪವಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು. ಮೊದಲ ಹೆಜ್ಜೆ ಲಿಖಿತ ನೋಟಿಸು ಇಲ್ಲವೇ 1915 ಸಹಾಯವಾಣಿ. ಫಲ ಸಿಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಗ್ಯಾರೇಜು ಬೇರೆ ಜಿಲ್ಲೆಯಲ್ಲಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗಕ್ಕೆ ಹೋಗಬಹುದು. ಪಾವತಿಸಿದ ಮೊತ್ತ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಗಡುವು ಎರಡು ವರ್ಷ. ಆಯೋಗದ ಮುಂದೆ ಬೇಕಾಗುವುದು ಪುರಾವೆ. ಆದ್ದರಿಂದ ಜಾಬ್ ಕಾರ್ಡ್, ಜಿಎಸ್‌ಟಿ ಬಿಲ್, ಬದಲಿಸಿದ ಹಳೆಯ ಬಿಡಿಭಾಗ ಇವನ್ನು ಪ್ರತಿ ರಿಪೇರಿಯಲ್ಲೂ ಕೇಳಿ ಪಡೆದು ಜೋಪಾನ ಮಾಡಬೇಕು.