ಸ್ಲಾಪಿ ಜೋಗೆ ಡಬ್ಬಿಯ ಸಾಸ್ ಬೇಡ

ಅಮೆರಿಕದಲ್ಲಿ ಸ್ಲಾಪಿ ಜೋ, ಅಂದರೆ ಸಾಸ್‌ನಲ್ಲಿ ಬೆಂದ ಖೀಮಾ ತುಂಬಿದ ಬನ್ನು, ಎಂದರೆ ಎಷ್ಟೋ ಮನೆಗಳಲ್ಲಿ 1969ರಲ್ಲಿ ಬಂದ ಮ್ಯಾನ್‌ವಿಚ್ ಸಾಸ್ ಡಬ್ಬಿಯೇ. ಅಲ್ಲಿ ನೆಲೆಸಿರುವ ನೀವು ಮಕ್ಕಳಿಗೆ ಇದನ್ನು ಮಾಡಿಕೊಡುವುದಾದರೆ ಆ ಡಬ್ಬಿಯನ್ನು ಬಿಟ್ಟುಬಿಡಿ. ಅರ್ಧ ಕಿಲೋ ಖೀಮಾವನ್ನು ನೀರೆಲ್ಲ ಆರಿ ಕೆಂಪಗಾಗುವವರೆಗೆ ಹುರಿಯಿರಿ. ರುಚಿ ಹುಟ್ಟುವುದೇ ಇಲ್ಲಿ, ದಯವಿಟ್ಟು ಅವಸರ ಮಾಡಬೇಡಿ. ಹೆಚ್ಚಾದ ಕೊಬ್ಬು ಬಸಿದು, ಈರುಳ್ಳಿ, ಕ್ಯಾಪ್ಸಿಕಂ, ಬೆಳ್ಳುಳ್ಳಿ ಹಾಕಿ ಬಾಡಿಸಿ. ಒಂದು ಕಪ್ ಟೊಮೆಟೊ ಪ್ಯೂರಿ, ಒಂದು ಚಮಚ ಬ್ರೌನ್ ಶುಗರ್, ಒಂದಿಷ್ಟು ವಿನೆಗರ್, ಮಸ್ಟರ್ಡ್, ವೂಸ್ಟರ್‌ಶೈರ್ ಸಾಸ್ ಸೇರಿಸಿ ಸಣ್ಣ ಉರಿಯಲ್ಲಿ 15 ನಿಮಿಷ ಕುದಿಸಿ. ಸೌಟು ಎಳೆದರೆ ತಳ ಕಾಣುವಷ್ಟು ಗಟ್ಟಿಯಾಗಲಿ. ತೆಳ್ಳಗಾದರೆ ಬನ್ನು ನೆನೆದು ಹರಿದುಹೋಗುತ್ತದೆ. ಮಾಂಸ ತಿನ್ನದವರಿಗೆ ಖೀಮಾ ಬದಲು ಬೇಯಿಸಿದ ಇಡೀ ಮಸೂರ್ ಕಾಳು ಚೆನ್ನಾಗಿ ಹೊಂದುತ್ತದೆ. ಬನ್ನಿಗೆ ಬೆಣ್ಣೆ ಸವರಿ ಕಾವಲಿಯ ಮೇಲೆ ಬಿಸಿ ಮಾಡುವುದನ್ನು ಮಾತ್ರ ಮರೆಯಬೇಡಿ.