ಹಳ್ಳ-ತೊರೆಗಳ ನಕ್ಷೆ ಗಣಕಯಂತ್ರಕ್ಕೆ ಏರುವ ಬಗೆ



ಹಳ್ಳವೋ ತೋಡೋ ಹಾದುಹೋಗದ ಕಾಫಿ, ಅಡಿಕೆ ತೋಟ ನಮ್ಮಲ್ಲಿ ವಿರಳ. ಅದರ ಜಾಡನ್ನು ಹಿಂದೆ ಕಾಗದದ ನಕ್ಷೆ ಬಿಡಿಸಿ ನೋಡುತ್ತಿದ್ದೆವು. ಈಗ ಆ ನಕ್ಷೆಗಳು ಗಣಕಯಂತ್ರಕ್ಕೆ ಏರಿವೆ. ಮೊಬೈಲಿನಲ್ಲಿ ದಿಶಾಂಕ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ. ಆದರೆ ಈ ಗೆರೆಗಳು ಅಲ್ಲಿಗೆ ಹೇಗೆ ಬಂದವು, ಅವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಬೆಳೆಗಾರರಾದ ನಾವು ತಿಳಿದಿರಬೇಕು.

ಎರಡು ಬಗೆಯ ನಕ್ಷೆ

ಮೊದಲನೆಯದು ಭಾರತೀಯ ಸರ್ವೇಕ್ಷಣಾ ಇಲಾಖೆಯ ಭೂಪಟ. ಹಳೆಯ ಕ್ರಮಸಂಖ್ಯೆಯಂತೆ ಮೈಸೂರು ನಗರ 57 ಡಿ, ಮಡಿಕೇರಿ 48 ಪಿ ಹಾಳೆಗಳಲ್ಲಿ ಬರುತ್ತವೆ. ಇದರ ಪ್ರಮಾಣ 1:50,000. ಅಂದರೆ ಹಾಳೆಯ 1 ಮಿಲಿಮೀಟರು ನೆಲದ ಮೇಲೆ 50 ಮೀಟರು. ಎರಡನೆಯದು ಕಂದಾಯ ಗ್ರಾಮನಕ್ಷೆ. ಹಳೆಯ ಗ್ರಾಮನಕ್ಷೆಗಳ ಪ್ರಮಾಣ ಸಾಮಾನ್ಯವಾಗಿ 1:7,920. 1 ಅಂಗುಲಕ್ಕೆ 10 ಸರಪಳಿ, ಎಂದರೆ 660 ಅಡಿ.

ಈ ಪ್ರಮಾಣವೇ ಮುಖ್ಯ. ಹಳ್ಳದ ಗೆರೆ ಎಳೆಯುವಾಗ ಅರ್ಧ ಮಿಲಿಮೀಟರು ಸರಿದರೆ ಗ್ರಾಮನಕ್ಷೆಯಲ್ಲಿ ಸುಮಾರು 4 ಮೀಟರು ವ್ಯತ್ಯಾಸ. ಭೂಪಟದಲ್ಲಿ ಅದೇ 25 ಮೀಟರು. ಒಂಬತ್ತು ಅಡಿ ಅಂತರದ ಅಡಿಕೆ ತೋಟದಲ್ಲಿ ಇದು ಒಂಬತ್ತು ಸಾಲು ಮರಗಳಷ್ಟಾಯಿತು. ಪರದೆಯ ಮೇಲೆ ಎಷ್ಟು ದೊಡ್ಡದು ಮಾಡಿ ನೋಡಿದರೂ ಈ ದೋಷ ಕಡಿಮೆಯಾಗದು.

ಕೆಲಸದ ಕ್ರಮ

1. ಹಾಳೆಯನ್ನು ಮಡಿಕೆ ಬೀಳದಂತೆ ಹರಡಿ ಬಣ್ಣದಲ್ಲೇ ಸ್ಕ್ಯಾನ್ ಮಾಡಬೇಕು. ಭೂಪಟದಲ್ಲಿ ವರ್ಷವಿಡೀ ನೀರಿರುವ ಹೊಳೆ ನೀಲಿ, ಬೇಸಗೆಯಲ್ಲಿ ಒಣಗುವ ಹಳ್ಳ ಕಪ್ಪು. ಕಪ್ಪು-ಬಿಳುಪು ಪ್ರತಿಯಲ್ಲಿ ಈ ಭೇದವೇ ಅಳಿಸಿಹೋಗುತ್ತದೆ.

2. ಹಾಳೆಯ ನಾಲ್ಕು ಮೂಲೆಗಳ ಅಕ್ಷಾಂಶ-ರೇಖಾಂಶ ಕೊಟ್ಟು ಅದನ್ನು ನೆಲಕ್ಕೆ ಹೊಂದಿಸಬೇಕು. ಹಳೆಯ ಹಾಳೆಗಳು ಎವರೆಸ್ಟ್ ಲೆಕ್ಕದವು. ಮೊಬೈಲಿನ ಜಿಪಿಎಸ್ ಡಬ್ಲ್ಯುಜಿಎಸ್ 84 ಲೆಕ್ಕದ್ದು. ಈ ಪರಿವರ್ತನೆ ಮರೆತರೆ ನಮ್ಮ ಭಾಗದಲ್ಲಿ ಹಳ್ಳ ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಗ್ರಾಮನಕ್ಷೆಯಾದರೆ ಮೂರು ಗ್ರಾಮಗಳ ಗಡಿ ಕೂಡುವ ಕಲ್ಲುಗಳನ್ನು ನೆಲದಲ್ಲಿ ಹುಡುಕಿ ಹೊಂದಿಸಬೇಕು.

3. ಪ್ರತಿ ಹಳ್ಳವನ್ನೂ ಮೂಲದಿಂದ ಕೆಳಕ್ಕೆ, ನೀರು ಹರಿಯುವ ದಿಕ್ಕಿನಲ್ಲೇ ಎಳೆಯಬೇಕು. ಎರಡು ಹಳ್ಳ ಕೂಡುವಲ್ಲಿ ಗೆರೆಗಳು ಮುಟ್ಟಿರಬೇಕು. ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಅಲ್ಲಿಗೇ ನಿಂತಿತೆಂದು ಗಣಕಯಂತ್ರ ತಿಳಿಯುತ್ತದೆ.

4. ಪ್ರತಿ ಗೆರೆಗೂ ಹೆಸರು, ಬಗೆ ಬರೆಯಬೇಕು. ಮೈಸೂರಿನ ಪೂರ್ಣಯ್ಯ ನಾಲೆಯಂತೆ ಮನುಷ್ಯರು ತೋಡಿದ್ದು ಬೇರೆ, ತಾನಾಗಿ ಹರಿದ ತೊರೆ ಬೇರೆ.

5. ಕೊನೆಗೆ ಸಮೋನ್ನತಿ ರೇಖೆಗಳೊಡನೆ ತಾಳೆ ನೋಡಬೇಕು. ಹಳ್ಳ ದಾಟುವಲ್ಲಿ ಈ ರೇಖೆಯ ಮೊನೆ ಮೇಲ್ಹರಿವಿನ ಕಡೆಗಿರುತ್ತದೆ. ಹಾಗಿಲ್ಲದಿದ್ದರೆ ಎಲ್ಲೋ ತಪ್ಪಿದೆ.

ನಮಗೇಕೆ ಇದು?

1966ರ ಕರ್ನಾಟಕ ಭೂಕಂದಾಯ ನಿಯಮಗಳಂತೆ, ಹಿಡುವಳಿದಾರರಲ್ಲದೆ ಇತರರೂ ನೀರಾವರಿಗೆ ಬಳಸುವ ಹಳ್ಳದ ಜಾಗ ಬ-ಖರಾಬು. ಗೆರೆ ಜಾಗ ತಪ್ಪಿದರೆ ನಮ್ಮ ಕಾಫಿ ಗಿಡಗಳು ಹಳ್ಳದೊಳಗಿದ್ದಂತೆ ತೋರಬಹುದು. ನಿಜವಾದ ಹಳ್ಳ ಯಾರದೋ ಬೇಲಿಯೊಳಗೆ ಮರೆಯಾಗಲೂಬಹುದು. ಗೆರೆ ಬಿಟ್ಟೇಹೋದರೆ ಕೆಳಗಿನ ತೋಟದವರ ನೀರಿನ ಹಕ್ಕಿಗೆ ನಕ್ಷೆಯ ಆಧಾರವೇ ತಪ್ಪುತ್ತದೆ. ಇನ್ನೊಂದು ಮಾತು: 2018ರ ಆಗಸ್ಟ್ ಮಳೆಗೆ ಕೊಡಗಿನಲ್ಲಿ ಗುಡ್ಡ ಕುಸಿದ ಕಡೆ ಹಳ್ಳಗಳ ಪಾತ್ರ ಮಣ್ಣು ತುಂಬಿ ಬದಲಾಯಿತು. ಹಳೆಯ ಹಾಳೆಯಿಂದ ಎಳೆದ ಗೆರೆಗೆ ಇದು ತಿಳಿಯದು.

ಸದಸ್ಯರು ಮಾಡಬೇಕಾದುದಿಷ್ಟು. ನಿಮ್ಮ ಗ್ರಾಮನಕ್ಷೆಯ ಪ್ರತಿ, ಸರ್ವೆ ನಂಬರಿನ ಟಿಪ್ಪಣಿ ತೆಗೆದಿರಿಸಿ. ಜುಲೈಯಲ್ಲೊಮ್ಮೆ, ಮಾರ್ಚಿಯಲ್ಲೊಮ್ಮೆ ಹಳ್ಳದುದ್ದಕ್ಕೂ ನಡೆದು, ತಿರುವು ಮತ್ತು ಕೂಡುಜಾಗಗಳಲ್ಲಿ ಮೊಬೈಲಿನಿಂದ ಸ್ಥಾನ ಗುರುತಿಸಿಕೊಳ್ಳಿ. ನಡೆಯುವಾಗ ಅಕ್ಕಪಕ್ಕದವರನ್ನೂ ಕರೆದುಕೊಳ್ಳಿ. ಒಟ್ಟಿಗೆ ಕಂಡದ್ದಕ್ಕೆ ಮುಂದೆ ತಕರಾರು ಕಡಿಮೆ. ವ್ಯತ್ಯಾಸ ಕಂಡರೆ ಪರದೆಯ ಗೆರೆ ನಂಬಿ ಬೇಲಿ ಕೀಳುವುದೂ ಬೇಡ, ಹಾಕುವುದೂ ಬೇಡ. ಭೂಮಾಪನ ಕಚೇರಿಗೆ ಹದ್ದುಬಸ್ತು ಅರ್ಜಿ ಕೊಟ್ಟು ಅಳತೆ ಮಾಡಿಸಿ. ಮೊಬೈಲಿನ ನಕ್ಷೆ ದಾರಿ ತೋರಿಸುವುದಕ್ಕೆ. ಗಡಿ ತೀರ್ಮಾನವಾಗುವುದು ದಾಖಲೆ ಮತ್ತು ನೆಲದ ಅಳತೆಯಿಂದ.

ಗುರುತಿಸಿದ ವಿವರಗಳನ್ನು ಸಂಘದ ಕಚೇರಿಗೆ ತಂದುಕೊಟ್ಟರೆ ಗ್ರಾಮವಾರು ಜೋಡಿಸಿ ಇಡಲಾಗುವುದು. ಎಲ್ಲರೂ ಸಹಕರಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ